ಮುಂದೆ ಶಿಲುಬೆ ಹಿಡಿದವರು

ಬೋರ್ಡಿಂಗ್ ಹುಡುಗೀರಿಗೆ ಚರ್ಚಲ್ಲಿ ಕೆಲಸಕ್ಕೇನೂ ಕೊರತೆ ಇರ್ಲಿಲ್ಲ. ಶನಿವಾರ ಸಾಯಂಕಾಲ ಬೆಂಚು ಒರೆಸೋದು, ಹಿತ್ತಾಳೆ ಹೂದಾನಿನ ಹುಣಸೆಹಣ್ಣು ಹಾಕಿ ತಿಕ್ಕೋದು, ಆಲ್ಟರ್ ಮೇಲಿನ ಬಿಳಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡೋದು ಎಲ್ಲಾ ನಮ್ದೇ. ಆದ್ರೆ ಭಾನುವಾರ ಹಾಡೋ ಕ್ವೈರ್ ತಂಡದ ಮುಂದೆ ಆ ಉದ್ದ ಕೋಲಿನ ಶಿಲುಬೆ ಹಿಡ್ಕೊಂಡು ಬರೋದು ಮಾತ್ರ ಹುಡುಗರು. ಯಾಕೆ ಅಂತ ಯಾರೂ ಹೇಳಿರ್ಲಿಲ್ಲ, ನಾವೂ ಕೇಳಿರ್ಲಿಲ್ಲ.

1989, ನಾನಾಗ ಒಂಬತ್ತನೇ ಕ್ಲಾಸು. ಒಂದು ದಿನ ರಾತ್ರಿ ಪ್ರಾರ್ಥನೆ ಮುಗಿದ್ಮೇಲೆ ನಮ್ಮ ವಾರ್ಡನ್ ಅಮ್ಮ ಪೋಸ್ಟಲ್ಲಿ ಬಂದಿದ್ದ ಯಾವುದೋ ಪತ್ರಿಕೆ ಕಟಿಂಗ್ ತಂದು ಚಾಪೆ ಮೇಲೆ ನಮ್ಮ ಮಧ್ಯೆ ಇಟ್ರು. ಫೋಟೋದಲ್ಲಿ ಕನ್ನಡಕ ಹಾಕ್ಕೊಂಡಿರೋ ಕಪ್ಪು ಜನಾಂಗದ ಹೆಂಗಸು, ಬಿಷಪ್‌ಗಳು, ಅಂದ್ರೆ ಪಾದ್ರಿಗಳ ಮೇಲಿನ ಹಿರಿಯರು, ಹಾಕೋ ಬಟ್ಟೆಲಿ. "ಅಮೆರಿಕದ ಬಾರ್ಬರಾ ಹ್ಯಾರಿಸ್ ಅಂತ. ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಆಂಗ್ಲಿಕನ್ ಸಭೆಗಳಲ್ಲಿ ಇಡೀ ಪ್ರಪಂಚಕ್ಕೇ ಮೊದಲನೇ ಹೆಣ್ಣು ಬಿಷಪ್ಪು" ಅಂದ್ರು. ಸ್ವಲ್ಪ ಹೊತ್ತು ಯಾರಿಗೂ ಮಾತಿಲ್ಲ. ಆಮೇಲೆ ನಮ್ಮಲ್ಲೇ ಚಿಕ್ಕವಳೊಬ್ಬಳು ಕೇಳಿದ್ಲು, "ಅಮ್ಮ, ಇವರನ್ನೂ ನಮ್ಮ ಪಾದ್ರಿನ ಕರೆಯೋ ಹಾಗೆ ಅಯ್ಯನವರೇ ಅಂತಾನೇ ಕರೀಬೇಕಾ?" ಅಮ್ಮ ನಿಜವಾಗ್ಲೂ ಯೋಚನೆ ಮಾಡಿದ್ರು, ಉತ್ರ ಅವರಿಗೂ ಗೊತ್ತಿರ್ಲಿಲ್ಲ.

ಆವತ್ತು ಕೇಳಿದ್ದಕ್ಕೆ ಆಮೇಲೆ ನಾನೇ ಓದಿ ತಿಳ್ಕೊಂಡಿದ್ದೂ ಸೇರಿ ಬರೀತಿದ್ದೀನಿ. ಬಾರ್ಬರಾ ಹುಟ್ಟಿದ್ದು 1930ರಲ್ಲಿ, ಫಿಲಡೆಲ್ಫಿಯಾದಲ್ಲಿ. ಪಾದ್ರಿ ಆಗೋರು ಓದೋ ಸೆಮಿನರಿ ಡಿಗ್ರಿ ಇಲ್ಲ, ಎಷ್ಟೋ ವರ್ಷ ಒಂದು ಪೆಟ್ರೋಲಿಯಂ ಕಂಪನಿಲಿ ಪಬ್ಲಿಕ್ ರಿಲೇಷನ್ಸ್ ಕೆಲಸ. ರಜಾ ಸಿಕ್ಕಿದ್ರೆ ಮಿಸಿಸಿಪ್ಪಿಗೆ ಹೋಗಿ ಕಪ್ಪು ಜನರ ಹೆಸರು ವೋಟರ್ ಲಿಸ್ಟಿಗೆ ಸೇರ್ಸೋರು, 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಸೆಲ್ಮಾದಿಂದ ಮಾಂಟ್‌ಗಮರಿಗೆ ಹೊರಟ ಮೆರವಣಿಗೇಲೂ ನಡೆದಿದ್ರು. ಜೈಲುಗಳಲ್ಲಿ ಕೈದಿಗಳ ಮಧ್ಯೆ ಸೇವೆ ಮಾಡಿದ್ರು.

ನಂಗೆ ಎದೆಗೆ ನಾಟಿದ್ದು 1974ರ ಜುಲೈ 29. ಆಗಿನ್ನೂ ಅಮೆರಿಕದ ಆಂಗ್ಲಿಕನ್ ಸಭೆಯಾದ ಎಪಿಸ್ಕೋಪಲ್ ಸಭೇಲಿ ಹೆಂಗಸರಿಗೆ ಪಾದ್ರಿ ಆಗೋಕೆ ಒಪ್ಪಿಗೆ ಇಲ್ಲ, ಆದ್ರೂ ಫಿಲಡೆಲ್ಫಿಯಾದ ಚರ್ಚ್ ಆಫ್ ದಿ ಅಡ್ವೊಕೇಟಲ್ಲಿ ರಿಟೈರ್ ಆಗಿದ್ದ ಬಿಷಪ್‌ಗಳು ಧೈರ್ಯ ಮಾಡಿ ಹನ್ನೊಂದು ಹೆಂಗಸರಿಗೆ ದೀಕ್ಷೆ ಕೊಟ್ರು. ಆ ಹನ್ನೊಂದರಲ್ಲಿ ಬಾರ್ಬರಾ ಇಲ್ಲ. ಅವರು ಆ ಚರ್ಚಿನ ಒಬ್ಬ ಸದಸ್ಯರು ಅಷ್ಟೆ, ಆ ಮೆರವಣಿಗೆ ಮುಂದೆ ಶಿಲುಬೆ ಹಿಡ್ಕೊಂಡು ನಡೆದೋರು. ಬೇರೆಯೋರು ಪಾದ್ರಿ ಆಗ್ಲಿ ಅಂತ ದಾರಿ ಬಿಡಿಸ್ಕೊಂಡು ಹೋದೋರು! 1976ರಲ್ಲಿ ಸಭೆ ಒಪ್ಪಿಗೆ ಕೊಡ್ತು, 1980ರಲ್ಲಿ ಇವರೇ ಪಾದ್ರಿ ಆದ್ರು, 1988ರ ಸೆಪ್ಟೆಂಬರಲ್ಲಿ ಮ್ಯಾಸಚುಸೆಟ್ಸ್‌ಗೆ ಸಹಾಯಕ ಬಿಷಪ್ ಆಗಿ ಆರಿಸಿದ್ರು.

ಆರಿಸಿದ್ದೇ ತಡ ಬೈಗುಳದ ಪತ್ರಗಳು, ಕೊಲೆ ಬೆದರಿಕೆಗಳು. ಹೆಣ್ಣು, ಕಪ್ಪು ಬಣ್ಣ, ಗಂಡನಿಂದ ಬೇರೆ ಆದವಳು, ಸೆಮಿನರಿ ಓದಿಲ್ಲ, ರಾಜಕೀಯ ಮಾತಾಡ್ತಾಳೆ, ಒಂದಾ ಎರಡಾ ತಕರಾರು. 1989ರ ಫೆಬ್ರವರಿ 11ಕ್ಕೆ ಬಾಸ್ಟನ್‌ನಲ್ಲಿ ಸುಮಾರು 8,000 ಜನರ ಮುಂದೆ ಅಭಿಷೇಕ. ಗುಂಡು ತಡೆಯೋ ಜಾಕೆಟ್ ಹಾಕ್ಕೊಳ್ಳಿ ಅಂದ್ರೂ ಬೇಡ ಅಂದ್ರಂತೆ. ಅಷ್ಟು ಜನರ ಎದುರೇ ಎದ್ದು ನಿಂತು ವಿರೋಧ ಹೇಳಿದೋರೂ ಇದ್ರು, ಅದನ್ನೂ ಕೇಳಿಸ್ಕೊಂಡು ಆಮೇಲೆ ಆರಾಧನೆ ಮುಂದುವರೀತು. ಆವತ್ತು ಆ ವೇದಿಕೆ ಮೇಲೆ ಲೀ ಟಿಮ್-ಓಯ್ ಅನ್ನೋ ಚೀನಾದ ವಯಸ್ಸಾದ ಅಮ್ಮನೂ ಇದ್ರು, 1944ರಲ್ಲಿ ಯುದ್ಧದ ಟೈಮಲ್ಲಿ ಹಾಂಗ್‌ಕಾಂಗ್ ಹತ್ರದ ಮಕಾವ್‌ಗೆ ಪಾದ್ರಿಗಳು ಬರೋಕಾಗದೆ ಇದ್ದಾಗ ದೀಕ್ಷೆ ಪಡೆದ, ಆಂಗ್ಲಿಕನ್ ಸಭೆಗಳ ಮೊದಲನೇ ಹೆಣ್ಣು ಪಾದ್ರಿ. ಅವರಿಬ್ಬರೂ ಒಂದೇ ಕಡೆ ನಿಂತಿದ್ರು ಅನ್ನೋದನ್ನ ನೆನೆಸ್ಕೊಂಡ್ರೆ ಈಗ್ಲೂ ಕಣ್ಣು ತುಂಬುತ್ತೆ. ಬಾರ್ಬರಾ 2002ರವರೆಗೆ ಸೇವೆ ಮಾಡಿದ್ರು, ತೀರಿಕೊಂಡಿದ್ದು 2020ರ ಮಾರ್ಚಲ್ಲಿ.

ಆ ಕಟಿಂಗ್ ತೋರಿಸಿದ ವರ್ಷದ್ದೇ ಗರಿಗಳ ಭಾನುವಾರ, ಈಸ್ಟರ್‌ಗೆ ಹಿಂದಿನ ಭಾನುವಾರ. ಬೆಳಿಗ್ಗೆ ತಿಂಡಿ ಹೊತ್ತಲ್ಲಿ ವಾರ್ಡನ್ ಅಮ್ಮ ಬಂದು "ಇವತ್ತು ನೀನು ಹಿಡೀಬೇಕು" ಅಂದ್ರು, ಅಷ್ಟೇ. ಅಯ್ಯನವರ ಹತ್ರ ಯಾವಾಗ ಮಾತಾಡಿದ್ರೋ ಏನು ಹೇಳಿ ಒಪ್ಪಿಸಿದ್ರೋ ಇವತ್ತಿಗೂ ಗೊತ್ತಿಲ್ಲ. ಗೇಟಿನಿಂದ ಚರ್ಚ್ ಬಾಗಿಲವರೆಗೆ ಆ ಕೋಲು ನಾನಂದ್ಕೊಂಡಿದ್ದಕ್ಕಿಂತ ಭಾರ ಇತ್ತು, ಅಂಗೈ ಬೆವರಿಗೆ ಜಾರ್ತಾ ಇತ್ತು, ಹಿಂದೆ ತೆಂಗಿನ ಗರಿಗಳ ಸರಸರ ಶಬ್ದ, ಹಾಡು. ಅಮ್ಮ ಸೈಡಲ್ಲಿ ನಡೀತಾ ಮೆಲ್ಲಗೆ "ನೇರ ಹಿಡಿ ಮಗಳೇ, ನೇರ" ಅಂತಿದ್ರು.

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೇಲಿ ಹೆಣ್ಣು ಬಿಷಪ್ ಬರೋಕೆ ಇನ್ನೂ ಇಪ್ಪತ್ನಾಲ್ಕು ವರ್ಷ ಬೇಕಾಯ್ತು. 2013ರ ಸೆಪ್ಟೆಂಬರಲ್ಲಿ ಆಂಧ್ರದ ನಂದ್ಯಾಲದಲ್ಲಿ ಎಗ್ಗೋಣಿ ಪುಷ್ಪಲಲಿತಾ ಅವರಿಗೆ ಅಭಿಷೇಕ ಆದಾಗ ಸುದ್ದಿ ಕೇಳಿ ಮೊದಲು ಫೋನ್ ಮಾಡಿದ್ದು ವಾರ್ಡನ್ ಅಮ್ಮಂಗೆ. ರಿಟೈರ್ ಆಗಿ ತುಂಬಾ ವರ್ಷ ಆಗಿತ್ತು, ಕಿವಿ ಮಂದ, ಎರಡು ಸಲ ಜೋರಾಗಿ ಹೇಳಿದ್ಮೇಲೆ ಗೊತ್ತಾಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದ್ರು,

"ಮುಂದೆ ಶಿಲುಬೆ ಹಿಡಿದೋರು ಯಾರಂತೆ?"