ಆಟಿಯ ಮಳೆಯಲ್ಲಿ ಹಂಚಿನ ಮಾಡು ನೋಡಿಸಿದ ದಿನ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ ಒಂದು ನಾಲ್ಕು ಸುತ್ತಿನ ಮನೆ. ಮುರಕಲ್ಲಿನ ಗೋಡೆ, ನಡುವೆ ಅಂಗಳ, ಸುತ್ತ ಜಗಲಿ, ಮೇಲೆ ಮಂಗಳೂರು ಹಂಚು. ಮಾಡು, ಅಂದರೆ ಚಾವಣಿ, ಸೋರುತ್ತದೆಂದು ಮನೆಯವರು ಮೂರು ಕಡೆ ವಿಚಾರಿಸಿದ್ದರು. ಹಂಚು, ಮರ ಎಲ್ಲ ಇಳಿಸಿ ಕಬ್ಬಿಣದ ಟ್ರಸ್ ಕೂರಿಸಬೇಕೆಂದು ಒಬ್ಬರು ಹೇಳಿದರು. ಹಂಚು ಇದ್ದ ಹಾಗೇ ಇರಲಿ, ಮೇಲಿನಿಂದ ಶೀಟು ಹೊದಿಸೋಣ ಎಂದರು ಇನ್ನೊಬ್ಬರು. ಮತ್ತೊಬ್ಬರದು ವಾಟರ್‌ಪ್ರೂಫ್ ಪೇಂಟು. ಮೂವರೂ ಹೇಳಿದ್ದು ತಾವು ಮಾರುವುದನ್ನೇ. ಅಟ್ಟಕ್ಕೆ ಹತ್ತಿ ಟಾರ್ಚು ಹಾಕಿದವರು ಯಾರೂ ಇರಲಿಲ್ಲ. ಹಾಗಾಗಿ ಸಾಮಾನು ಮಾರದ, ಕಂಟ್ರಾಕ್ಟು ಹಿಡಿಯದ ಒಬ್ಬರಿಗೆ ಫೀಸು ಕೊಟ್ಟು ತೋರಿಸುವುದೆಂದು ತೀರ್ಮಾನವಾಯಿತು. ಹಳೆ ಕಟ್ಟಡಗಳ ಸಂರಕ್ಷಣೆ ಕಲಿತ ಆರ್ಕಿಟೆಕ್ಟ್ ಒಬ್ಬರು ಮಂಗಳೂರಿನಿಂದ ಬಂದರು. ಊರಿನ ಹಿರಿಯ ಆಚಾರಿಯೂ ಜೊತೆಗಿದ್ದರು.

ಇಂಥವರನ್ನು ಹುಡುಕುವುದು ಕಷ್ಟವೇನಲ್ಲ. ಪರಂಪರೆಯ ರಕ್ಷಣೆಗೆಂದು 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಘಟಕದಲ್ಲಿ ಕೇಳಬಹುದು. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರುವವರಲ್ಲಿ ಹಳೆ ಮನೆ ಮಾಡಿದ ಅನುಭವ ಯಾರಿಗಿದೆಯೆಂದು ವಿಚಾರಿಸಬಹುದು. ಫೋನಿನಲ್ಲೇ ಕೇಳಿಬಿಡಬೇಕಾದ ಮಾತು ಕೆಲವಿವೆ. ಫೀಸು ದಿನಕ್ಕೆ ಇಷ್ಟೆಂದೋ, ಕೆಲಸದ ಖರ್ಚಿನಲ್ಲಿ ಇಷ್ಟು ಪಾಲೆಂದೋ? ಪಾಲಿನ ಲೆಕ್ಕವಾದರೆ ಖರ್ಚು ಏರಿದಷ್ಟೂ ಅವರಿಗೆ ಲಾಭ, ಆದ್ದರಿಂದ ದಿನದ ಲೆಕ್ಕವೇ ವಾಸಿ. ವರದಿ ಬರೆದು ಕೊಡುತ್ತೀರಾ? ಯಾವುದನ್ನು ಮುಟ್ಟಬಾರದು ಎನ್ನುವುದೂ ಅದರಲ್ಲಿರುತ್ತದಾ? ಈ ಕೊನೆಯ ಪ್ರಶ್ನೆಗೆ ತಡವರಿಸುವವರನ್ನು ಬಿಟ್ಟುಬಿಡುವುದು ಒಳ್ಳೆಯದು.

ಮಾಡು ನೋಡಿಸಲು ಎಲ್ಲರೂ ಜನ ಕರೆಯುವುದು ಮಾರ್ಚ್, ಏಪ್ರಿಲಿನಲ್ಲಿ. ಆಗ ಕಾಣುವುದು ಒಣಗಿದ ಕಲೆ ಮಾತ್ರ. ಈ ಮನೆಗೆ ಆರ್ಕಿಟೆಕ್ಟನ್ನು ಕರೆದದ್ದು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಬೇಕೆಂದೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾಸರಗೋಡಿನಲ್ಲಿ ಮಾಡಿನ ಕಾಯಿಲೆ ತಿಳಿಯಬೇಕಾದರೆ ಮಳೆಯಲ್ಲೇ ನೋಡಬೇಕು. ಹತ್ತುವ ಕೆಲಸ ಆಗ ಇಲ್ಲ, ಪಾಚಿ ಹಿಡಿದ ಹಂಚಿನ ಮೇಲೆ ಕಾಲಿಡುವ ಹಾಗೂ ಇಲ್ಲ. ನೋಡುವುದೆಲ್ಲ ಒಳಗಿನಿಂದ. ಅವರ ಚೀಲದಲ್ಲಿದ್ದದ್ದು ಟಾರ್ಚು, ದಬ್ಬಣ, ಸೀಮೆಸುಣ್ಣ, ಟೇಪು, ಮಟ್ಟಗೋಲು ಮತ್ತು ಮರದ ತೇವ ಅಳೆಯುವ ಸಣ್ಣ ಮೀಟರು.

ಅಟ್ಟದ ಮುಚ್ಚಿಗೆಯ (ಮಾಡಿನ ಅಡಿಯ ಹಲಗೆ ಹಾಸಿನ) ಮೇಲೆ ಹತ್ತಿದ ಕೂಡಲೇ ಮನೆಯ ಯಜಮಾನರು ನೀರು ತೊಟ್ಟಿಕ್ಕುವ ಜಾಗ ತೋರಿಸಿದರು.

“ಬಿದ್ದ ಜಾಗ ಬಿಡಿ ಅಣ್ಣ. ಅಲ್ಲಿಂದ ಪಕಾಸು ಹಿಡಿದು ಮೇಲಕ್ಕೆ ನೋಡುತ್ತಾ ಹೋಗಿ,” ಎಂದರು ಆರ್ಕಿಟೆಕ್ಟ್.

ಒಳಗೆ ನುಗ್ಗಿದ ನೀರು ಹಂಚು ಕೂರುವ ಅಡ್ಡಪಟ್ಟಿಯಾದ ರೀಪಿನ ಅಡಿಗೆ ಅಂಟಿಕೊಂಡು, ರೀಪನ್ನು ಹೊತ್ತ ಓರೆ ಮರವಾದ ಪಕಾಸಿಗೆ ಇಳಿದು, ಯಾವುದೋ ಗಂಟೋ ಮೊಳೆಯೋ ಅಡ್ಡ ಸಿಕ್ಕಿದಲ್ಲಿ ಬೀಳುತ್ತದೆ. ಈ ಮನೆಯಲ್ಲಿ ತೂತಿಗೂ ಹನಿ ಬೀಳುವ ಜಾಗಕ್ಕೂ ಐದಡಿ ಅಂತರವಿತ್ತು. ಹನಿಯ ನೇರಕ್ಕಿದ್ದ ಹಂಚನ್ನು ಹಿಂದೆ ಎರಡು ಸಲ ಬದಲಾಯಿಸಿಯೂ ಸೋರಿಕೆ ನಿಲ್ಲದ್ದು ಇದೇ ಕಾರಣಕ್ಕೆ. ನಿಜವಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಗಾಳಿ ಯಾವ ದಿಕ್ಕಿನದ್ದೆಂದು ಬರೆದರು. ಪಡುಗಾಳಿಗೆ ಮಾತ್ರ ಸೋರುವ ಜಾಗ ಬೇರೆ, ಯಾವ ಮಳೆಗೂ ಸೋರುವ ಜಾಗ ಬೇರೆ. ಎರಡರ ರಿಪೇರಿಯೂ ಒಂದೇ ಅಲ್ಲ.

ಹಂಚು ತಾನಾಗಿ ಕೆಟ್ಟದ್ದು ಬಹಳ ಕಡಿಮೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಕಾಲದಿಂದ ಈ ಹಂಚಿನ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ. ಪಕ್ಕದಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಕಾಲುವೆ, ಅಡಿಯಲ್ಲಿ ರೀಪಿಗೆ ಸಿಕ್ಕಿಸುವ ಗುಬುಟು. ಒಂದು ಹಂಚು ಎರಡರಿಂದ ಮೂರು ಕಿಲೋ. ನೂರು ಚದರಡಿಗೆ ಸುಮಾರು 140 ಬೇಕು. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು. ಮಂಕು ಸದ್ದು ಬಂದರೆ ಒಳಗೆ ಬಿರುಕಿರಬಹುದು, ಸರಿಯಾಗಿ ಬೇಯದೆಯೂ ಇರಬಹುದು. ಅನುಮಾನವಿದ್ದರೆ ನೀರು ಕುಡಿಸಿ ತೂಗಿದರಾಯಿತು. ಅಡಿಕೆ ಒಣಗಿಸುವ ಗೂಡಿನಲ್ಲಿ ಚೆನ್ನಾಗಿ ಒಣಗಿಸಿದ ಹಂಚು 2 ಕಿಲೋ 400 ಗ್ರಾಂ ಇದ್ದು, 24 ಗಂಟೆ ನೀರಿನಲ್ಲಿ ಮುಳುಗಿಸಿ ಒರೆಸಿದ ಮೇಲೆ 2 ಕಿಲೋ 750 ಗ್ರಾಂ ಆದರೆ ಕುಡಿದದ್ದು ಶೇಕಡಾ 15ರ ಒಳಗೆ. ಮಂಗಳೂರು ಹಂಚಿನ ಭಾರತೀಯ ಮಾನಕ ಐಎಸ್ 654ರ ಪ್ರಕಾರ ಶೇಕಡಾ 20 ಮೀರಬಾರದು. ಮೀರಿದ್ದು ಮಳೆಗಾಲದಲ್ಲಿ ಒಳಗೆ ಬೆವರುತ್ತದೆ, ಮಾಡಿಗೂ ಭಾರ. ಮೂರು ಸಾವಿರ ಹಂಚಿನ ಮಾಡು ಒಣಗಿದ್ದಾಗ ಏಳೂವರೆ ಟನ್ ಇದ್ದರೆ, ಶೇಕಡಾ 15 ನೀರು ಕುಡಿದಾಗ ಒಂದು ಟನ್ನಿಗೂ ಮೇಲೆ ಜಾಸ್ತಿ.

ಈ ಮನೆಯ ನಿಜವಾದ ತೊಂದರೆ ಗೊತ್ತಾದದ್ದು ಹಂಚಿನ ಅಡಿಯ ಮೊಹರು ನೋಡಿದಾಗ. ಹಳೆಯದೆಲ್ಲ ಮಂಗಳೂರಿನ ಒಂದೇ ಕಾರ್ಖಾನೆಯದ್ದು. ನಡುನಡುವೆ ರಿಪೇರಿಗೆಂದು ತಂದು ಹಾಕಿದವು ಕೋಝಿಕ್ಕೋಡ್ ಹತ್ತಿರದ ಫರೋಕಿನದ್ದು, ಬೇರೆ ಎರಡು ಕಡೆಯದ್ದು. ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ ಅಗಲದಲ್ಲಿ, ಕಾಲುವೆಯ ಆಳದಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸವಿರುತ್ತದೆ. ಅಷ್ಟು ಸಾಕು. ಹೊಸದು ಕಚ್ಚಿಕೊಳ್ಳದೆ ಒಂದು ಬದಿ ಎತ್ತಿ ನಿಲ್ಲುತ್ತದೆ, ಸಂದಿಯಿಂದ ಗಾಳಿ ಮಳೆ ತಳ್ಳುತ್ತದೆ, ಆಮೇಲೆ ಯಾರೋ ಅದಕ್ಕೆ ಡಾಂಬರು ಬಳಿಯುತ್ತಾರೆ. ಡಾಂಬರು ಕಾಲುವೆಗೆ ಇಳಿದರೆ ನೀರು ಹರಿಯಬೇಕಾದ ದಾರಿಯೇ ಮುಚ್ಚಿ, ಸರಿ ಇದ್ದ ಪಕ್ಕದ ಹಂಚೂ ಸೋರತೊಡಗುತ್ತದೆ. ಆದ್ದರಿಂದ ಹಳೆ ಹಂಚು ತರುವ ಮೊದಲು ಮೊಹರಿನ ಫೋಟೋ ತೆಗೆದಿಟ್ಟುಕೊಳ್ಳಬೇಕು. ಮನೆ ಬಿಚ್ಚಿದಲ್ಲಿ ಮಾರಾಟಕ್ಕೆ ಸಿಕ್ಕಿದರೆ ಅದೇ ಮೊಹರಿನದ್ದನ್ನೇ ಆರಿಸಬೇಕು. ಮೊಹರಿನಲ್ಲಿ ಕಾಣುವ ವರ್ಷ ಹಲವು ಸಲ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಅದನ್ನು ನೋಡಿ ಹೆಚ್ಚು ದುಡ್ಡು ಕೊಡುವುದು ಬೇಡ. ಅದೇ ಮೊಹರು ಸಿಗಲೇ ಇಲ್ಲವೆಂದಾದರೆ, ಒಂದು ಕಡೆಯ ಮಾಡಿನ ಹಳೆಯದನ್ನು ಪೂರ್ತಿ ಇಳಿಸಿ ಉಳಿದ ಕಡೆಗೆ ಬಳಸಿ, ಆ ಒಂದು ಕಡೆಗೆ ಮಾತ್ರ ಹೊಸತು ಹಾಕಬೇಕು. ಬೆರೆಸುವುದೊಂದನ್ನು ಮಾಡಬಾರದು.

ಮರ ನೋಡುವಾಗ ಆಚಾರಿಯವರೇ ಮುಂದೆ. ಅಡುಗೆಮನೆಯ ಮೇಲಿನ ಪಕಾಸು ವರ್ಷಗಟ್ಟಲೆ ಹೊಗೆ ಕುಡಿದು ಮಸಿ ಹಿಡಿದು ಗಟ್ಟಿಯಾಗಿತ್ತು, ದಬ್ಬಣ ತುದಿಯೂ ಇಳಿಯಲಿಲ್ಲ. ಗ್ಯಾಸು ಬಂದ ಮೇಲೆ ಹಾಕಿದ ಹೊಸ ರೀಪುಗಳಲ್ಲೇ ಕುಟ್ಟೆ ಹುಳುವಿನ ತೂತು, ಅಡಿಯಲ್ಲಿ ಹಿಟ್ಟಿನಂಥ ಹುಡಿ. ಮರ ಕೊಳೆಯುವುದು ಹೆಚ್ಚಾಗಿ ಗೋಡೆಯ ಮೇಲೆ ಪಕಾಸು ಕೂರುವಲ್ಲಿ, ಸೂರಿನ ತುದಿಯಲ್ಲಿ, ಎರಡು ಮಾಡು ಕೂಡುವ ಮೂಲೆಯಲ್ಲಿ. ಮೀಟರಿನಲ್ಲಿ ಶೇಕಡಾ 20 ದಾಟಿದಲ್ಲಿ ಶಿಲೀಂಧ್ರಕ್ಕೆ ದಾರಿ ತೆರೆದ ಹಾಗೆ. ಇಲ್ಲಿ ನಡುವೆ ಎಲ್ಲೂ ದಾಟಲಿಲ್ಲ. ಅಂಗಳದ ಈಶಾನ್ಯ ಮೂಲೆಯಲ್ಲಿ ಮಾತ್ರ ಮುಳ್ಳು ಮೇಲೇರಿತು, ದಬ್ಬಣ ಒಂದಿಂಚು ಒಳಗೆ ಹೋಯಿತು.

“ಪಕಾಸು ಪೂರಾ ತೆಗೀಬೇಕಾ ಆಚಾರ್ರೇ?” ಎಂದು ಕೇಳಿದರು ಆರ್ಕಿಟೆಕ್ಟ್.

“ಬೇಡ ಮೇಡಂ. ತಲೆ ಮಾತ್ರ ಹೋದದ್ದು. ಬೋಗಿ ಮರ, ಮೈ ಕಲ್ಲಿದ್ದ ಹಾಗಿದೆ.”

ವರದಿಯಲ್ಲಿ ಬಂದದ್ದೂ ಅದೇ: ಕೊಳೆತ ತುದಿಯನ್ನು ಗಟ್ಟಿ ಮರ ಸಿಗುವ ತನಕ ಕೊಯ್ಯುವುದು, ಅದೇ ಜಾತಿಯ ಒಣಗಿದ ಮರದ ತುಂಡಿಗೆ ಅರ್ಧರ್ಧ ಕಚ್ಚು ಹಾಕಿ ಕೂಡಿಸುವುದು. ಕಚ್ಚಿನ ಉದ್ದ ಪಕಾಸಿನ ಎತ್ತರದ ಮೂರು ಪಟ್ಟು, ಅಂದರೆ ಐದಿಂಚಿನ ಪಕಾಸಿಗೆ ಹದಿನೈದು ಇಂಚು, ಎರಡು ಬೋಲ್ಟು. ಕೂಡಿಸಿದ ಜಾಗ ಗೋಡೆಯ ಮೇಲೆಯೇ ಕೂರಬೇಕು, ಗಾಳಿಯಲ್ಲಿ ತೇಲಬಾರದು. ಕಬ್ಬಿಣದ ಮೊಳೆ ಬೇಡ, ತುಕ್ಕು ಉಬ್ಬಿ ಮರ ಸೀಳುತ್ತದೆ. ಗೋಡೆಯ ಮೇಲೆ ಪಕಾಸಿನ ಸುತ್ತ ಸಿಮೆಂಟು ತುಂಬಿಸಬಾರದು, ಮರಕ್ಕೆ ಒಣಗಲು ಸಂದು ಬೇಕು. ಕುಟ್ಟೆಗೆ, ಒಳಗಿನ ಮರಕ್ಕೆ ಮಾತ್ರ, 10 ಲೀಟರ್ ಬಿಸಿನೀರಿಗೆ 360 ಗ್ರಾಂ ಬೋರಾಕ್ಸ್, 240 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಸಲ ಹಚ್ಚುವುದು. ಮಳೆ ತಾಗುವಲ್ಲಿ ಅದು ತೊಳೆದುಹೋಗುತ್ತದೆ. ಸೂರಿನ ತುದಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯೇ ಸರಿ, ಕೈಗೆ ಗ್ಲೌಸು ಹಾಕದೆ ಮುಟ್ಟಿದರೆ ಚರ್ಮ ಸುಡುತ್ತದೆ.

ಈಶಾನ್ಯ ಮೂಲೆ ಕೊಳೆತದ್ದೇಕೆ ಎಂಬುದು ಬಹಳ ಮನೆಗಳಿಗೆ ಅನ್ವಯಿಸುವ ಸಂಗತಿ. ನಾಲ್ಕು ಸುತ್ತಿನ ಮನೆಯಲ್ಲಿ ಅಂಗಳದ ನಾಲ್ಕು ಮೂಲೆಗೂ ಎರಡೆರಡು ಮಾಡಿನ ನೀರು ಒಟ್ಟಾಗಿ ಬರುತ್ತದೆ. ಅಲ್ಲಿ ಅಲ್ಯುಮಿನಿಯಂ ತಗಡು ಹಾಕಿದ್ದರು, ತಪ್ಪಲ್ಲ. ಆದರೆ ಹಂಚಿನ ಅಂಚು ಅಲುಗದಿರಲೆಂದು ಮೇಸ್ತ್ರಿ ಉದ್ದಕ್ಕೂ ಸಿಮೆಂಟು ಮೆತ್ತಿದ್ದರು. ಹಸಿ ಸಿಮೆಂಟಿನ ಕ್ಷಾರ ಅಲ್ಯುಮಿನಿಯಂ ತಿನ್ನುತ್ತದೆ; ತಾಗಿದಲ್ಲೆಲ್ಲ ಬಿಳಿ ಹುಡಿ, ಸೂಜಿ ತೂತು. ಟಾರ್ಚು ಆರಿಸಿದಾಗ ಅದರಲ್ಲಿ ಆಕಾಶ ಕಾಣಿಸುತ್ತಿತ್ತು. ಹೊಸ ತಗಡು ಕನಿಷ್ಠ ಹದಿನೆಂಟು ಇಂಚು ಅಗಲ ಬೇಕು, ಎರಡೂ ಅಂಚು ಮುಕ್ಕಾಲು ಇಂಚು ಮೇಲಕ್ಕೆ ಮಡಿಸಿರಬೇಕು, ತುಂಡುಗಳ ಜೋಡಣೆಯಲ್ಲಿ ಮೇಲಿನದು ಕೆಳಗಿನದರ ಮೇಲೆ ಆರು ಇಂಚು ಬರಬೇಕು. ಹಂಚುಗಳ ನಡುವೆ ನೀರು ಹರಿಯಲು ಐದಾರು ಇಂಚು ತೆರೆದಿರಬೇಕು. ಕಿರಿದಾದರೆ ಹಲಸಿನ ಎಲೆ ಸಿಕ್ಕಿ ನೀರು ಪಕ್ಕಕ್ಕೆ ಉಕ್ಕುತ್ತದೆ. ಹಂಚಿನ ಹಿಂದಿನ ತೂತಿಗೆ ತಂತಿ ಕಟ್ಟಿ ಬಿಗಿದರೆ ಸಿಮೆಂಟಿನ ಅಗತ್ಯವೇ ಬೀಳುವುದಿಲ್ಲ. ನೆತ್ತಿಯ ಹಂಚಿಗೆ ಹಾಕಿದ ಸಿಮೆಂಟೂ ಬಿರಿಯುತ್ತದೆ. ಅಲ್ಲಿಗೆ ಚಿಪ್ಪಿನ ಸುಣ್ಣ, ಇಟ್ಟಿಗೆ ಹುಡಿ, ಮರಳು ಸಮಪಾಲು ಕಲಸಿದ ಗಾರೆ ಮಾಡಿನೊಂದಿಗೆ ತುಸು ಅಲುಗಿದರೂ ತಾಳುತ್ತದೆ.

ಪಡುಗಾಳಿಗೆ ಸೋರುವುದು ಮುಂದಿನ ಜಗಲಿ, ಆಮೇಲೆ ಸೇರಿಸಿದ ಭಾಗ. ಮಟ್ಟಗೋಲು ಎರಡಡಿ ಅಡ್ಡ ಹಿಡಿದು ಅಳೆದರೆ ಏರಿಕೆ ಎಂಟೂವರೆ ಇಂಚು, ಅಂದರೆ ಇಪ್ಪತ್ತು ಡಿಗ್ರಿಯೂ ಇಲ್ಲ. ಹಳೆ ಮಾಡಿನಲ್ಲಿ ಅದೇ ಎರಡಡಿಗೆ ಹದಿನಾಲ್ಕು ಇಂಚು, ಮೂವತ್ತು ಡಿಗ್ರಿ. ನಮ್ಮ ಮಳೆಗೆ ಅದಕ್ಕಿಂತ ಕಡಿಮೆ ಓರೆ ನಡೆಯುವುದಿಲ್ಲ. ಇಲ್ಲಿ ಹಂಚು ಬದಲಿಸಿ ಪ್ರಯೋಜನವಿಲ್ಲ, ಪೇಂಟಿನಿಂದಂತೂ ಇಲ್ಲವೇ ಇಲ್ಲ. ಪಕಾಸಿನ ಗೋಡೆ ಕಡೆಯ ತುದಿ ಎತ್ತರಿಸಬೇಕು, ಎತ್ತರ ಸಿಗದಿದ್ದರೆ ಅಷ್ಟು ಭಾಗಕ್ಕೆ ಮಾತ್ರ ಹಂಚಿನಡಿ ತಗಡು ಕೊಡಬೇಕು. ಇಡೀ ಮನೆಗೆ ಶೀಟು ಹೊದಿಸಿದರೆ ಹಂಚಿನ ಸಂದಿಯ ಗಾಳಿ ನಿಂತು ಒಳಗಿನ ಸೆಕೆಯೂ ಮರದ ತೇವವೂ ಹೆಚ್ಚುತ್ತದೆ. ಸೋರುವ ಜಾಗ ಮಾತ್ರ ಕಣ್ಣಿಗೆ ಮರೆಯಾಗುತ್ತದೆ.

ಕೈಗೆ ಬಂದ ವರದಿಯಲ್ಲಿ ಮಾಡಿನ ನಕ್ಷೆಯಿತ್ತು, ಪ್ರತಿ ಪಕಾಸಿಗೂ ನಂಬರಿತ್ತು. ಮುಂದಿನ ಮಳೆಗಾಲಕ್ಕೆ ಮೊದಲೇ ಆಗಬೇಕಾದ್ದು ಈಶಾನ್ಯ ಮೂಲೆ ಮತ್ತು ಜಗಲಿ. ಎರಡು ಮೂರು ವರ್ಷ ಕಾಯಬಹುದಾದದ್ದು ಬೆರೆಸಿದ ಹಂಚುಗಳ ವಿಂಗಡಣೆ. ಮುಟ್ಟಬಾರದ್ದು ಅಡುಗೆಮನೆಯ ಮಾಡು, ಮುಚ್ಚಿಗೆ, ಬೋಗಿಯ ತೊಲೆಗಳು. ಅದೇ ವರದಿಯ ನಕಲು ಕೊಟ್ಟು ಮೂರು ಕಡೆ ಕೊಟೇಶನ್ ಕೇಳಿದಾಗ ಮೊದಲ ಬಾರಿಗೆ ಮೂರನ್ನೂ ಹೋಲಿಸಲು ಸಾಧ್ಯವಾಯಿತು, ಕೆಲಸ ಒಂದೇ ಆಗಿತ್ತಲ್ಲ.

ಕೆಲಸ ಜನವರಿಯಿಂದ, ಮುಗಿಯಬೇಕಾದದ್ದು ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆಯ ಒಳಗೆ. ಪಾಚಿ ಒಣಗಿದ ಮೇಲೆ ಹಿಡಿಸೂಡಿಯಲ್ಲಿ ಗುಡಿಸಬೇಕು, ಪ್ರೆಶರ್ ಪಂಪು ಬೇಡ. ಹಂಚು ಹಂಚಿನ ಮೇಲೆ ಕೂರುವ ಜಾಗದಲ್ಲಿ, ರೀಪಿನ ನೇರಕ್ಕೇ ಕಾಲಿಡಬೇಕು. ಇಳಿಸಿದ ಹಂಚನ್ನು ಮಲಗಿಸಿ ಪೇರಿಸದೆ, ಅಂಚಿನ ಮೇಲೆ ನಿಲ್ಲಿಸಿ ಒರಗಿಸಿಡಬೇಕು. ಮಾತಾಡುವಾಗಲೇ ಫೀಸಿನಲ್ಲಿ ಇನ್ನೊಂದು ಭೇಟಿಯನ್ನೂ ಸೇರಿಸಿಕೊಳ್ಳಬೇಕು: ರಿಪೇರಿಯಾದ ಮೇಲಿನ ಮೊದಲ ದೊಡ್ಡ ಮಳೆಗೆ ಅದೇ ಆರ್ಕಿಟೆಕ್ಟ್ ಬಂದು, ಸೀಮೆಸುಣ್ಣದ ಹಳೆ ಗುರುತುಗಳನ್ನು ಒಂದೊಂದಾಗಿ ನೋಡಿ ಸಹಿ ಹಾಕಿದ ಮೇಲೆಯೇ ಕಂಟ್ರಾಕ್ಟುದಾರರ ಕೊನೆಯ ಕಂತು.