ಗಯೆಯ ವಹಿಯಲ್ಲಿ ಸಿಕ್ಕ ಊರು

ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಘಟಪ್ರಭೆಯ ದಂಡೆಯ ಮನೆಯನ್ನು ಖಾಲಿ ಮಾಡಿದಾಗ, ಅಟ್ಟದ ಮೇಲಿದ್ದ, ಮೋಡಿ ಎಂಬ ಹಳೆಯ ಲಿಪಿಯಲ್ಲಿ ಬರೆದ ಕಾಗದಗಳ ಗಂಟುಗಳನ್ನು ಅಲ್ಲೇ ಬಿಟ್ಟು ಬಂದೆವು. ಓದಬಲ್ಲವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಈಗ ಊರೂ ಇಲ್ಲ, ಕಾಗದವೂ ಇಲ್ಲ. ಅಪ್ಪನಿಗೆ ಆ ಸಂಕಟ ಇಂದಿಗೂ ಹೋಗಿಲ್ಲ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಅವರನ್ನು ಕಾಡುತ್ತಿತ್ತು: ನಮಗೆ ದಾಯಾದಿಗಳೇ ಇಲ್ಲವೇಕೆ? ಊರಿನ ಲೆಕ್ಕ ಬರೆಯುತ್ತಿದ್ದ ನಮ್ಮಂಥ ಸುತ್ತಲಿನ ಕುಲಕರ್ಣಿ ಮನೆತನಗಳಲ್ಲಿ ಸೂತಕ ತಾಕುವ ಮನೆಗಳು ಹತ್ತಾರು. ನಮ್ಮದು ಮಾತ್ರ ಒಂದೇ ಗೆರೆ: ಅಪ್ಪ, ಅಜ್ಜ, ಮುತ್ತಜ್ಜ, ಅವರ ತಂದೆ. ಅದರಾಚೆ ಹೆಸರು ಗೊತ್ತಿರಲಿಲ್ಲ.

ಅಜ್ಜ ಗಯೆಗೆ ಹೋಗಿಬಂದಿದ್ದರು ಎಂಬುದೊಂದು ನೆನಪಿತ್ತು. ಪಿಂಡವಿಡಲು ಬಂದವರ ಹೆಸರುಗಳನ್ನು ಅಲ್ಲಿನ ಪಂಡಾಗಳು ಬರೆದಿಡುತ್ತಾರೆ. ಅದನ್ನೇ ನೆಚ್ಚಿಕೊಂಡು ಮಾರ್ಗಶಿರದಲ್ಲಿ ಅಪ್ಪನನ್ನು ಕರೆದುಕೊಂಡು ಹೊರಟೆ. ಪಿತೃಪಕ್ಷದ ಜಾತ್ರೆಯಲ್ಲಿ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ವಯಸ್ಸಾದವರನ್ನು ಕರೆದೊಯ್ಯುವವರಿಗೆ ಚಳಿಗಾಲವೇ ಒಳ್ಳೆಯದು. ಕಾಶಿಯಲ್ಲಿ ಎರಡು ದಿನ ಇದ್ದು, ಅಲ್ಲಿಂದ ರೈಲಿನಲ್ಲಿ ಗಯೆಗೆ ಬಂದೆವು.

ಗಯಾವಾಳ ಪಂಡಾಗಳು, ಅಂದರೆ ಗಯೆಯ ತೀರ್ಥಪುರೋಹಿತರು, ಮಧ್ವಮತದವರು. ಬಿಹಾರದ ಓಣಿಯೊಂದರಲ್ಲಿ ಅಂಗಾರ-ಅಕ್ಷತೆ ಹಚ್ಚಿಕೊಂಡ ಹಿರಿಯರು "ಬನ್ನಿ ರಾಯರೇ, ಕೂತುಕೊಳ್ಳಿ" ಎಂದಾಗ ಅಪ್ಪನ ಮುಖ ಅರಳಿತು. ಯಾತ್ರಿಕರು ಪಂಡಾಗಳ ಮನೆತನಗಳಿಗೆ ಸೀಮೆವಾರು ಹಂಚಿಹೋಗಿದ್ದಾರೆ. ಯಾವ ಊರಿನವರು ಯಾರ ಮನೆಗೆ ಹೋಗಬೇಕೆಂಬುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಅವರು ಇಡುವ ದಾಖಲೆಗೆ ಬಹಿ ಎನ್ನುತ್ತಾರೆ. ನಮ್ಮ ಕಡೆ ಲೆಕ್ಕದ ಪುಸ್ತಕಕ್ಕೆ ವಹಿ ಎನ್ನುತ್ತೇವಲ್ಲ, ಅದೇ ಮಾತು. ಉದ್ದನೆಯ, ಅಗಲ ಕಡಿಮೆಯಾದ ಹಾಳೆಗಳು, ಕೆಂಪು ಬಟ್ಟೆಯ ಹೊದಿಕೆ, ಹೊಲಿಗೆ ಮೇಲ್ಗಡೆ. ಪುಟವನ್ನು ಪಕ್ಕಕ್ಕಲ್ಲ, ಮೇಲಕ್ಕೆ ಮಗುಚಬೇಕು.

"ಜಿಲ್ಲೆ?" ಎಂದು ಕೇಳಿದರು. ಬಾಗಲಕೋಟೆ ಎಂದೆ. ಅದು ಜಿಲ್ಲೆಯಾದದ್ದು 1997ರಲ್ಲಿ. ಆ ವಹಿಯಲ್ಲಿ ನಮ್ಮವರು ಯಾರೂ ಇರಲಿಲ್ಲ. ಅದಕ್ಕೂ ಮೊದಲು ನಾವಿದ್ದದ್ದು ವಿಜಾಪುರ ಜಿಲ್ಲೆಯಲ್ಲಿ; ಆ ಗಂಟು ಬಿಚ್ಚಿದರು. ಅರ್ಧ ಗಂಟೆ ಹುಡುಕಿದ ಮೇಲೆ ನಮ್ಮ ಊರಿನ ಹೆಸರು ಬಂತು, ಕೆಳಗೆ ಅಜ್ಜನ ಅಂಕಿತ. 'ಳ' ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆಯುವುದು ಅವರ ರೂಢಿ. ಅಪ್ಪ ಅದರ ಮೇಲೆ ಬೆರಳಿಟ್ಟರು, ಮಾತನಾಡಲಿಲ್ಲ.

"ಇದಕ್ಕೂ ಹಿಂದಿನದು ಬೇಕೆಂದರೆ ಕಲಾದಗಿ ನೋಡಬೇಕು" ಎಂದರು ಪಂಡಾ. ನನಗೆ ಹೊಳೆದೇ ಇರಲಿಲ್ಲ. 1885ರಲ್ಲಿ ವಿಜಾಪುರಕ್ಕೆ ಹೋಗುವ ಮೊದಲು ನಮ್ಮ ಜಿಲ್ಲೆಯ ಕೇಂದ್ರ ಕಲಾದಗಿ. ಇಂದು ನಾವು ದಾಳಿಂಬೆಗೆ ನೆನೆಯುವ ಊರು ಅಲ್ಲಿ ಒಂದು ದೊಡ್ಡ ಗಂಟಾಗಿ ಕೂತಿತ್ತು.

ಹಾಳೆ ಕಂದಿತ್ತು, ಅಂಚು ಹುಳ ತಿಂದಿತ್ತು. ಶಕ 1805, ಸ್ವಭಾನು ಸಂವತ್ಸರ. ಅಂದರೆ 1883ರ ಸುಮಾರು. ಒಕ್ಕಣೆ ನಾಗರಿಯಲ್ಲಿ, ಅಂಕಿತ ಮಾತ್ರ ಮೋಡಿಯಲ್ಲಿ. ಮುತ್ತಜ್ಜನ ತಂದೆ ಬಂದದ್ದು ಒಬ್ಬರೇ. ಯಾರ ಯಾರಿಗೆ ಪಿಂಡವೆಂದು ಕೆಳಗೆ ಬರೆಸಿದ್ದರು. ಪಂಡಾ ನಿಧಾನವಾಗಿ ಓದಿದರು: ತಂದೆ, ತಾಯಿ, ಅಣ್ಣ, ಅತ್ತಿಗೆ, ಮಗಳು. ಪ್ರತಿಯೊಬ್ಬರ ಹೆಸರೂ ಇತ್ತು. ಎಲ್ಲರ ಮುಂದೆಯೂ ಒಂದೇ ಸಂವತ್ಸರ, ಈಶ್ವರ.

ಧಾತು, ಈಶ್ವರ ಸಂವತ್ಸರಗಳೆಂದರೆ 1876ರಿಂದ 78ರವರೆಗಿನ ಬರ. ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ ಆ ಬರಕ್ಕೆ ತೀರ ನಲುಗಿದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ದಾಯಾದಿಗಳು ಏಕಿಲ್ಲ ಎಂಬುದಕ್ಕೆ ಉತ್ತರ ಆ ಐದು ಸಾಲುಗಳಲ್ಲಿತ್ತು. ನನ್ನ ಮುತ್ತಜ್ಜ ಆಗ ಇನ್ನೂ ಹುಟ್ಟಿರಲಿಲ್ಲ. ಎಲ್ಲರನ್ನೂ ಕಳೆದುಕೊಂಡ ಆ ಮನುಷ್ಯ ಕೃಷ್ಣೆ ದಾಟಿ, ಗಂಗೆ ದಾಟಿ, ಇಷ್ಟು ದೂರ ಬಂದು ಮಗಳ ಹೆಸರನ್ನೂ ಬಿಡದೆ ಬರೆಸಿದ್ದಾನೆ. ಕುಲಕರ್ಣಿಯಲ್ಲವೇ, ಬರೆಯದೆ ಉಳಿದದ್ದು ಅಳಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಮರುದಿನ ಫಲ್ಗುವಿನ ದಂಡೆಗೆ ಹೋದೆವು. ಸೀತೆಯ ಶಾಪದಿಂದ ಮರಳಿನಡಿ ಹರಿಯುವ ನದಿ ಎಂದು ಕೇಳಿದ್ದೆವು. 2022ರಲ್ಲಿ ರಬ್ಬರ್ ಅಣೆಕಟ್ಟು ಬಂದ ಮೇಲೆ ವಿಷ್ಣುಪಾದ ಗುಡಿಯ ಬಳಿ ನೀರು ನಿಲ್ಲುತ್ತದೆ. ಅಪ್ಪ ಆ ನೀರನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದರು. ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ ಆ ಕಗ್ಗಲ್ಲಿನ ಗುಡಿಯಲ್ಲಿ, ಆಮೇಲೆ ಅಲ್ಲಿಂದಾಚೆಯ ಅಕ್ಷಯವಟದ ಕೆಳಗೆ, ಆ ಐದು ಹೆಸರುಗಳನ್ನೂ ಹೇಳಿ ಪಿಂಡವಿಟ್ಟರು. ಪುಟ್ಟ ಹುಡುಗಿಯ ಹೆಸರು ಬಂದಾಗ ಅವರ ಧ್ವನಿ ಕಟ್ಟಿತು.

ಹೊರಡುವ ಮುನ್ನ ಪಂಡಾ ಹೊಸ ವಹಿ ತೆರೆದು ಪೆನ್ನು ಕೊಟ್ಟರು. ಪುನರ್ವಸತಿ ಕೇಂದ್ರದ ಹೆಸರು ಹಾಕಬೇಕೇ ಎಂದು ನಾನು ಕೇಳುವಷ್ಟರಲ್ಲಿ ಅಪ್ಪ ಮುಳುಗಿದ ಊರಿನ ಹೆಸರನ್ನು ದುಂಡಗೆ ಬರೆದಿದ್ದರು. ಅದರ ಕೆಳಗೆ ನನ್ನ ಹೆಸರು, ನನ್ನ ತಂಗಿಯ ಹೆಸರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮಗಳದು ಪೂರ್ತಿ ಹೆಸರು ಹೇಳು" ಎಂದರು.