ನೋವು 10ಕ್ಕೆ 1

ಮೊನ್ನೆ ನಮ್ಮ ಮಾರ್ಕೆಟಿಂಗ್ ಹುಡುಗ ಬಂದು "ಸರ್, ಸಯಾಟಿಕಾದ್ದು ಹಳೇ ಟೆಸ್ಟಿಮೋನಿಯಲ್ ವಿಡಿಯೋ ಏನಾದ್ರೂ ಇಟ್ಕೊಂಡಿದೀರಾ?" ಅಂತ ಕೇಳಿದ. ಇಟ್ಟುಕೊಂಡಿದ್ದೇನೆ. 41 ಸೆಕೆಂಡಿನದು. "ಇಲ್ಲ ಮಾರಾಯ" ಅಂದೆ.

ಸಾಗರದ ಕಡೆ ಡಿಸೆಂಬರ್ ಅಂದರೆ ಅಡಿಕೆ ಸುಲಿತದ ಕಾಲ. ನಮ್ಮ ಫಿಜಿಯೋ ಒಪಿಡಿಗೂ ಅದೇ ಸೀಸನ್. ಕೊಯ್ದ ಹಸಿ ಅಡಿಕೆ ಕಾಯುತ್ತಾ ಕೂರುವುದಿಲ್ಲ, ಸುಲಿದು ಬೇಯಿಸಿ ಒಣಗಿಸಲೇಬೇಕು. ಹಾಗಾಗಿ ಸುಲಿಯುವವರು ಸಂಜೆ ಕೂತರೆ ಏಳುವುದು ರಾತ್ರಿ 11ಕ್ಕೋ 12ಕ್ಕೋ. ಮೆಟ್ಟುಗತ್ತಿಯ ಮಣೆ ಮೇಲೆ ಕಾಲಿಟ್ಟು, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಒಂದೇ ಭಂಗಿಯಲ್ಲಿ. ಡಬ್ಬಕ್ಕೆ ಇಷ್ಟು ಅಂತ ಕೂಲಿ, ನಡುವೆ ಎದ್ದು ಅಡ್ಡಾಡಿದರೆ ನಷ್ಟ ಅವರಿಗೇ. ಸೊಂಟದ ಡಿಸ್ಕಿಗೆ ಇದಕ್ಕಿಂತ ಕೆಟ್ಟ ನೌಕರಿ ಹುಡುಕುವುದು ಕಷ್ಟ.

ಆ ವಿಡಿಯೋದ ಅಕ್ಕ ಬಂದದ್ದು ಹೀಗೆಯೇ. 46 ವಯಸ್ಸು, ಎಡಗಾಲು ನೋವು. ಉಳುಕು ತೆಗೆಯುವವರ ಹತ್ತಿರ ಎರಡು ಸಲ ಎಣ್ಣೆ ಹಾಕಿ ನೀವಿಸಿಕೊಂಡು, ಆಮೇಲೆ ಆರ್ಥೋ ಹತ್ತಿರ ಹೋಗಿ, ಎಂಆರ್‌ಐ ಮಾಡಿಸಿ, ಫಿಲ್ಮನ್ನು ಸೀರೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಎಲ್4-5 ಎಕ್ಸ್‌ಟ್ರೂಷನ್, ಅಂದರೆ ಸೊಂಟದ ನಾಲ್ಕು-ಐದನೇ ಮೂಳೆಗಳ ನಡುವಿನ ಡಿಸ್ಕು ಹೊರಗೆ ಬಂದಿದೆ, ಎಡಕ್ಕೆ. ಮೈ ಒಂದು ಕಡೆಗೆ ವಾಲಿಸಿ ನಿಂತಿದ್ದರು. ಸೊಂಟದ ನರ ಒತ್ತಿ ಕಾಲಿಗೆ ನೋವು ಇಳಿಯುವ ಈ ಸಯಾಟಿಕಾಗೆ ಆಯುರ್ವೇದದಲ್ಲಿ ಗೃಧ್ರಸಿ ಅನ್ನುತ್ತಾರೆ, ರೋಗಿ ರಣಹದ್ದಿನ ಹಾಗೆ ನಡೆಯುತ್ತಾನೆ ಅಂತ. ಬಾಗಿಲಿಂದ ಬೆಡ್ಡಿಗೆ ಅವರು ಬಂದದ್ದು ನೋಡಿದರೆ ಆ ಹೆಸರಿಟ್ಟವನು ಕಣ್ಣಾರೆ ನೋಡಿಯೇ ಇಟ್ಟಿರಬೇಕು ಅನಿಸಿತು.

"ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು?" ಅಂತ ಕೇಳಿದೆ. "ಎಂಟು." ಕಂಪ್ಯೂಟರಿಗೆ ಹಾಕಿದೆ. ಎಸ್‌ಎಲ್‌ಆರ್ (ಅಂಗಾತ ಮಲಗಿಸಿ ನೆಟ್ಟಗಿನ ಕಾಲು ಎತ್ತಿದರೆ ಏಳುವ ಕೋನ) 35, ಪಾದದ ಮೇಲ್ಭಾಗ ಜೋಮು, ಇಎಚ್‌ಎಲ್ (ಹೆಬ್ಬೆರಳು ಎತ್ತುವ ಸ್ನಾಯುವಿನ ಬಲ) 4/5, ಆಂಕಲ್ ಜರ್ಕ್ (ಹಿಮ್ಮಡಿ ಮೇಲೆ ತಟ್ಟಿದರೆ ಪಾದ ಚಿಮ್ಮುವುದು) ಇದೆ. ಪಾಠದಲ್ಲಿ ಓದಿದ ಎಲ್5 ನರದ ಬೇರು, ಗೆರೆ ಎಳೆದ ಹಾಗೆ.

"ಸೊಂಟ ನೋಯಲ್ಲ ಡಾಕ್ಟ್ರೇ, ನೋಯೋದು ಮೀನಖಂಡ. ಸೊಂಟಕ್ಕೆ ಯಾಕೆ ಕರೆಂಟು?" ಅಂತ ಕೇಳಿದರು. ಎಲ್ಲರಿಗೂ ಹೇಳುವುದನ್ನೇ ಹೇಳಿದೆ: ಗೇಟಿನ ಹತ್ತಿರ ಬೆಲ್ ಒತ್ತಿದರೆ ಸದ್ದು ಬರುವುದು ಅಡುಗೆಮನೆಯಲ್ಲಿ. ಸೊಂಟದ ಐದು ಕಡೆಯಿಂದ ಹೊರಟ ಬೇರುಗಳು ಕೂಡಿ ಹೆಬ್ಬೆರಳಿನಷ್ಟು ದಪ್ಪದ ಒಂದು ನರ ಆಗಿ ಕುಂಡೆಯ ಹಿಂದಿನಿಂದ ಕಾಲಿಗೆ ಇಳಿಯುತ್ತದೆ. ಮೈಯಲ್ಲಿ ಅದಕ್ಕಿಂತ ದಪ್ಪನೆಯ ನರ ಇನ್ನೊಂದಿಲ್ಲ. ನಿಮ್ಮದು ಬೇರಿನಲ್ಲೇ ಒತ್ತಿಕೊಂಡಿದೆ, ಕೂಗುತ್ತಿರುವುದು ಮೀನಖಂಡ. ಅವರಿಗೆ ಈ ಮಾತು ಇಷ್ಟವಾಯಿತು. ನನಗೂ ಇಷ್ಟವೇ, ವರ್ಷಗಳಿಂದ ಹೇಳುತ್ತಿದ್ದೇನೆ. ಅರ್ಧ ಮಾತ್ರ ಹೇಳುತ್ತಿದ್ದೆ ಅನ್ನುವುದು ಆಮೇಲೆ ಗೊತ್ತಾಯಿತು.

ಪ್ಯಾಕೇಜು 10 ಸಿಟಿಂಗ್. ಅದರಲ್ಲಿ 15 ನಿಮಿಷ ಕರೆಂಟು ಕೊಡುವ ಐಎಫ್‌ಟಿ, 15 ನಿಮಿಷ ಸೊಂಟ ಎಳೆಯುವ ಟ್ರಾಕ್ಷನ್ ಕಡ್ಡಾಯ. ಇಂಗ್ಲೆಂಡಿನ ನೈಸ್ ಅನ್ನುವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇವೆರಡನ್ನೂ ಸೊಂಟನೋವು, ಸಯಾಟಿಕಾಗಳಿಗೆ ಕೊಡಬೇಡಿ ಅಂತ 2016ರಲ್ಲೇ ಹೇಳಿಬಿಟ್ಟಿದೆ. ಆದರೆ ಟ್ರಾಕ್ಷನ್ ಟೇಬಲಿನ ಇಎಂಐ ಕಟ್ಟುವವರು ಆ ಮಾರ್ಗಸೂಚಿ ಬರೆದವರಲ್ಲ. ಆ ಅರ್ಧ ಗಂಟೆ ಕಳೆದ ಮೇಲೆ ಉಳಿಯುವ 15 ನಿಮಿಷದಲ್ಲಿ ನಿಜವಾದ ಕೆಲಸ: ಬೋರಲು ಮಲಗಿಸಿ, ಮೊಣಕೈ ಊರಿಸಿ, ಆಮೇಲೆ ಕೈ ನೆಟ್ಟಗೆ ಮಾಡಿ ಎದೆ ಎತ್ತಿಸುವುದು, ಸೊಂಟ ಹಾಸಿಗೆಯಲ್ಲೇ. ಮನೆಯಲ್ಲಿ ಎರಡೆರಡು ಗಂಟೆಗೆ ಹತ್ತು ಸಲ. ನರಕ್ಕೆ ಸ್ಲೈಡರ್, ಅಂದರೆ ಮೆಲ್ಲಗೆ ಹಿಂದೆ ಮುಂದೆ ಜಾರಿಸುವುದು, ಎಳೆತ ಅಲ್ಲ. ಕೆರಳಿದ ನರವನ್ನು ಯೂಟ್ಯೂಬ್ ನೋಡಿ ಎಳೆದುಕೊಂಡು ಬರುವವರು ವಾರಕ್ಕೆ ಇಬ್ಬರಾದರೂ ಸಿಗುತ್ತಾರೆ. ಮತ್ತೆ ಕೂರುವುದು ಕಡಿಮೆ, ಚಿಕ್ಕ ಚಿಕ್ಕ ನಡಿಗೆ ಜಾಸ್ತಿ, ಹಾಸಿಗೆ ಹಿಡಿದು ಮಲಗುವುದು ಬೇಡ. ಇಷ್ಟು ಮಾಡಿದರೆ ಹೆಚ್ಚಿನವರು 6ರಿಂದ 12 ವಾರದಲ್ಲಿ ಸುಧಾರಿಸುತ್ತಾರೆ. ಸುಮಾರು ಜನ ಏನೂ ಮಾಡದಿದ್ದರೂ ಸುಧಾರಿಸುತ್ತಾರೆ. ಹೊರಬಂದ ಡಿಸ್ಕಿನ ಚೂರು ಎಷ್ಟೋ ಸಲ ತಾನಾಗಿಯೇ ಕರಗಿ ಹೋಗುತ್ತದೆ. ಇದನ್ನು ಮ್ಯಾನೇಜ್‌ಮೆಂಟ್ ಮುಂದೆ ಹೇಳಬಾರದು, ಅಷ್ಟೇ.

ಈ ಬೋರಲು ಮಲಗಿಸುವ ವಿದ್ಯೆ ಬಂದದ್ದೇ ಒಂದು ಎಡವಟ್ಟಿನಿಂದ. 1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಅನ್ನುವ ಫಿಜಿಯೋ, ಕಾಲು ನೋವಿನ ರೋಗಿಗೆ ಒಳಗೆ ಹೋಗಿ ಮಲಗಲು ಹೇಳಿದರು. ತಲೆಯ ಕಡೆ ಎತ್ತರಿಸಿಟ್ಟಿದ್ದ ಟೇಬಲಿನ ಮೇಲೆ ಆತ ಬೋರಲಾಗಿ ಮಲಗಿಬಿಟ್ಟ, ಬೆನ್ನು ಹಿಂದಕ್ಕೆ ಬಾಗಿತ್ತು. ಮೆಕೆಂಜಿ ಗಾಬರಿಯಾಗಿ ನೋಡಿದರೆ ಕಾಲು ನೋವು ಹೋಗಿದೆ! ಕಾಲಿನ ನೋವು ಮೇಲೆ ಸರಿದು ಸೊಂಟಕ್ಕೆ ಬಂದು ನಿಲ್ಲುವುದು ಒಳ್ಳೆಯ ಲಕ್ಷಣ, ಅದಕ್ಕೆ ಸೆಂಟ್ರಲೈಸೇಶನ್ ಅನ್ನುತ್ತೇವೆ. ಮೆಕೆಂಜಿಗೆ ರೋಗಿಯ ಎಡವಟ್ಟು ಒದಗಿ ಬಂತು. ನನ್ನ ರೋಗಿ ಹೇಳಿದ್ದನ್ನೆಲ್ಲ ಸರಿಯಾಗಿಯೇ ಮಾಡಿದರು, ಎಡವಟ್ಟು ಮಾಡಿದ್ದು ನಾನು.

ನಾಲ್ಕನೇ ಸಿಟಿಂಗಿಗೆ ನೋವು 5. ಮೈ ವಾಲುವುದು ಕಡಿಮೆಯಾಗಿತ್ತು. "ಮಾರ್ಕು ಕಡಿಮೆ ಬಂದ್ರೆ ಖುಷಿ ಪಡೋ ಮೇಷ್ಟ್ರನ್ನ ಇಲ್ಲೇ ನೋಡಿದ್ದು" ಅಂತ ನಕ್ಕರು. ಐದನೆಯದಾದ ಮೇಲೆ ಎರಡು ದಿನ ಬರಲಿಲ್ಲ. ತೋಟದ ಮನೆಯಲ್ಲಿ ಬೇಯಿಸುವ ಒಲೆ ಹಚ್ಚಿಬಿಟ್ಟಿದ್ದಾರೆ, ಸುಲಿಯಲು ಜನ ಇಲ್ಲ, ಒಡೆಯರು ಕರೆದಾಗ ಹೋಗದಿದ್ದರೆ ಹೇಗೆ. ಎರಡು ರಾತ್ರಿ ಕೂತು ಬಂದಿದ್ದರು. ಬೈದೆ. ಬೈದದ್ದು ನೆನಪಿದೆ, ಕಾಲು ಮುಟ್ಟಿ ನೋಡಿದ್ದು ನೆನಪಿಲ್ಲ. ನೋಡಲಿಲ್ಲ, ಅದಕ್ಕೇ ನೆನಪಿಲ್ಲ.

ಏಳನೇ ಸಿಟಿಂಗು, 1. ಎಸ್‌ಎಲ್‌ಆರ್ 70.

"ಈಗ ಎಂತ ನೋವೂ ಇಲ್ಲ ಡಾಕ್ಟ್ರೇ, ಕಾಲು ಇದ್ದಂಗೇ ಇಲ್ಲ" ಅಂದರು.

ಈ ಮಾತನ್ನು ನಾನು ಅಲ್ಲಿಂದೀಚೆಗೆ ಎಷ್ಟು ಸಲ ಮನಸ್ಸಿನಲ್ಲಿ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಅವರು ಹೇಳಿದ್ದು ಎರಡು ಸಂಗತಿ. ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು. ಸೊಂಟಕ್ಕೆ ಬಂದಿದೆಯಾ ನೋವು ಅಂತ ಕೇಳಿದೆ, ಸೊಂಟದಲ್ಲೂ ಇಲ್ಲ ಅಂದರು. ಅಲ್ಲಾದರೂ ನಿಲ್ಲಬೇಕಿತ್ತು. ಎರಡು ರಾತ್ರಿ ಬಗ್ಗಿ ಕೂತು ಬಂದವರ ನೋವು 5ರಿಂದ 1ಕ್ಕೆ ಹೇಗೆ ಇಳಿಯಿತು? ನಾನು ಯೋಚಿಸಿದ್ದು ಬೇರೆ: ಇವರದ್ದೊಂದು ವಿಡಿಯೋ ಮಾಡಿಸಬಹುದು. ಆ ತಿಂಗಳು ಪ್ರತಿ ಡಿಪಾರ್ಟ್‌ಮೆಂಟಿಗೂ ಎರಡೆರಡು ಟೆಸ್ಟಿಮೋನಿಯಲ್ ಟಾರ್ಗೆಟ್ ಇತ್ತು.

ಹೊರಗೆ ರ‍್ಯಾಂಪಿನ ಹತ್ತಿರ ಬೆಳಕು ಚೆನ್ನಾಗಿತ್ತು. ಚಪ್ಪಲಿ ಹಾಕಿಕೊಂಡು ಬಂದು ನಿಂತು ಹೇಳಿದರು: "ಬರುವಾಗ ನಡೆಯಲಿಕ್ಕೇ ಆಗ್ತಿರಲಿಲ್ಲ, ಈಗ ನೋವಿಲ್ಲ." ನಡೆದು ತೋರಿಸಿ ಅಂದೆ, ನಡೆದರು. ಹಾಗೇ ಬಸ್ಸಿಗೆ ಹೊರಟರು. ನಾನು ಕ್ಯಾಂಟೀನಿಗೆ ಹೋಗಿ ಚಹಾ ಹಿಡಿದು ವಿಡಿಯೋ ನೋಡಿದೆ. ಚೆನ್ನಾಗಿದೆ ಅನಿಸಿತು. ಗ್ರೂಪಿಗೆ ಹಾಕಿದೆ. ರಿಸೆಪ್ಶನ್ ಹುಡುಗಿ ಬರೆದಳು: "ಸರ್ ಚಪ್ಪಲಿ ಬಿದ್ದಿದ್ದು ಕಟ್ ಮಾಡಿ ಹಾಕಿ," ಪಕ್ಕದಲ್ಲಿ ನಗುವ ಮುಖ.

ಮತ್ತೆ ಹಾಕಿದೆ. 33ನೇ ಸೆಕೆಂಡು. ಎಡಗಾಲಿನ ಹವಾಯಿ ಚಪ್ಪಲಿ ಹಿಂದೆ ಉಳಿಯುತ್ತದೆ. ಕಾಲು ಮುಂದೆ ಹೋಗುತ್ತದೆ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ಅವರಿಗೆ ಗೊತ್ತೇ ಇಲ್ಲ. ಹಿಂದಿನಿಂದ ನನ್ನದೇ ದನಿ, ನಗುತ್ತಾ: "ಅಕ್ಕಾ, ಚಪ್ಪಲಿ ಬಿಟ್ಟೇ ಹೊರಟ್ರಲ್ಲ!" ಅವರೂ ನಗುತ್ತಾ ತಿರುಗುತ್ತಾರೆ.

ಹವಾಯಿ ಚಪ್ಪಲಿಯ ಬಾರು ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಕೂರುತ್ತದೆ. ಆ ಸಂದಿನ ಚರ್ಮ ಎಲ್5ನದು. ಚಪ್ಪಲಿ ಜಾರದಂತೆ ಹೆಬ್ಬೆರಳನ್ನು ಎತ್ತಿ ಹಿಡಿಯುವುದೂ ಎಲ್5. ದನಿ ಜಾಸ್ತಿ ಮಾಡಿ ಕೇಳಿದೆ. ಬಲಗಾಲು ಸದ್ದಿಲ್ಲ. ಎಡಗಾಲು ಚಟ್. ಚಟ್. ಚಟ್. ನಮ್ಮ ಡಿಪಾರ್ಟ್‌ಮೆಂಟಿನೊಳಗೆ ಚಪ್ಪಲಿ ಬಿಟ್ಟು ಬರಬೇಕು ಅಂತ ಬೋರ್ಡ್ ಹಾಕಿಸಿದ್ದು ನಾನೇ. ಏಳು ಸಿಟಿಂಗಿನಲ್ಲಿ ಅವರನ್ನು ಚಪ್ಪಲಿ ಹಾಕಿ ನಡೆಸಿ ಒಮ್ಮೆಯೂ ನೋಡಿರಲಿಲ್ಲ. ಬರಿಗಾಲಿನ ಸದ್ದು ಐಎಫ್‌ಟಿಯ ಬೀಪಿನಲ್ಲಿ, ಎಫ್‌ಎಂನಲ್ಲಿ ಮುಚ್ಚಿಹೋಗಿತ್ತು.

ಫೋನು ಸ್ವಿಚ್ ಆಫ್. ಬೈಕ್ ತೆಗೆದು ಬಸ್ ಸ್ಟ್ಯಾಂಡಿಗೆ ಹೋದೆ. ಮೂರು ಬಸ್ ಹತ್ತಿ ಇಳಿದೆ. ನಾಲ್ಕನೆಯದು ಸ್ಟಾರ್ಟ್ ಆಗಿತ್ತು, ಕಂಡಕ್ಟರ್ ರೈಟ್ ಅನ್ನುವುದೊಂದು ಬಾಕಿ. ಹಿಂದಿನ ಸೀಟಿನಲ್ಲಿ ಶೇಂಗಾ ತಿನ್ನುತ್ತಾ ಕೂತಿದ್ದರು. "ಅಕ್ಕಾ, ಇಳೀರಿ" ಅಂದೆ. "ಎಂತಾ, ದುಡ್ಡು ಬಾಕಿ ಇತ್ತಾ?" ಅಂದರು. ಬಸ್ಸಿಗೆ ಬಸ್ಸೇ ನೋಡುತ್ತಿತ್ತು.

ವಾಪಸ್ ಕರೆತಂದು ಬೆಡ್ಡಿನ ಮೇಲೆ ಕೂರಿಸಿದೆ. "ಹೆಬ್ಬೆರಳು ಮೇಲೆತ್ತಿ." ಬಲಗಾಲಿನದು ಎದ್ದಿತು. ಎಡಗಾಲಿನ ಹೆಬ್ಬೆರಳನ್ನು ಅವರು ಬೇರೆ ಯಾರದ್ದೋ ಬೆರಳು ನೋಡಿದ ಹಾಗೆ ನೋಡಿದರು. ಚರ್ಮದಡಿ ದಾರ ಒಂಚೂರು ಅಲುಗಿದ ಹಾಗೆ ಕಂಡಿತು, ಬೆರಳು ಏಳಲಿಲ್ಲ. ಒಂದು. ಐದಕ್ಕೆ ಒಂದು. ಪಾದ ಎತ್ತುವುದು ಎರಡು. ಬೆಲ್ ನಿಂತದ್ದು ವೈರ್ ಹೋದದ್ದಕ್ಕೆ.

ಈಗ ಇನ್ನೊಂದು ಪ್ರಶ್ನೆ ಕೇಳಲೇಬೇಕು. ನಡು ಮಧ್ಯದ ನರಗಳ ಗೊಂಚಲೇ ಒತ್ತಿದ್ದರೆ ಮೂತ್ರ ಕಟ್ಟುತ್ತದೆ, ಕೂರುವ ಜಾಗ ಮರಗಟ್ಟುತ್ತದೆ, ಆಗ ಲೆಕ್ಕ ಗಂಟೆಗಳದು. ಒಂಬತ್ತು ವರ್ಷದ ಸರ್ವಿಸ್ ನನ್ನದು. "ಮೂತ್ರ ವಿಸರ್ಜನೆಯಲ್ಲಿ ಏನಾದರೂ ವ್ಯತ್ಯಾಸ" ಅಂತ ಶುರು ಮಾಡಿ ನಾಲಿಗೆ ಸಿಕ್ಕಿಹಾಕಿಕೊಂಡಿತು. ಅವರು ತಲೆ ತಗ್ಗಿಸಿದರು. ಮೊದಲ ದಿನವೂ ಇದೇ ಆಗಿತ್ತು, ಸುಮ್ಮನೆ 'ನಿಲ್' ಅಂತ ಟಿಕ್ ಹಾಕಿದ್ದೆ. ಮೂಲೆಯಲ್ಲಿ ಟವೆಲ್ ಮಡಚುತ್ತಿದ್ದ ಆಯಾ ಅಲ್ಲಿಂದಲೇ ಕೇಳಿದರು: "ಒಂದಕ್ಕೆ ಹೋದ್ರೆ ಹೋದದ್ದು ತಿಳೀತದನೇ? ತೊಳ್ಕೊಳ್ಳುವಾಗ ಕೈ ಮುಟ್ಟಿದ್ದು ತಿಳೀತದಾ?" "ತಿಳೀತದೆ" ಅಂದರು ಅಕ್ಕ, ತಕ್ಷಣ. ನಮ್ಮ ಮೇಡಂ ಪರದೆ ಎಳೆದು ಪರೀಕ್ಷೆ ಮಾಡಿ ಬಂದು ತಲೆಯಾಡಿಸಿದರು. ಅದು ಉಳಿದಿತ್ತು.

ಆರ್ಥೋಗೆ ಫೋನ್, ಅವರಿಂದ ಶಿವಮೊಗ್ಗದ ಸರ್ಜನ್‌ಗೆ ಫೋನ್. ಸರ್ಜನ್ ನನ್ನನ್ನೇ ಲೈನಿಗೆ ಕರೆದರು. ಬೈಯಲಿಲ್ಲ. ಒಂದೇ ಕೇಳಿದರು: "ವೀಕ್ ಆಗಿದ್ದು ಯಾವತ್ತಿಂದ?"

ಸ್ಕ್ರೀನಿನ ಮೇಲೆ ಅಷ್ಟೂ ದಿನದ ದಾಖಲೆ ಇತ್ತು. 8, 7, 6, 5, 5, 3, 1. ಇಎಚ್‌ಎಲ್ ಬರೆದದ್ದು ಮೊದಲ ದಿನ, 12 ದಿನದ ಹಿಂದೆ. ನಮ್ಮ ಸಾಫ್ಟ್‌ವೇರಿನಲ್ಲಿ ನೋವಿನ ಸಂಖ್ಯೆ ತುಂಬದಿದ್ದರೆ ಬಿಲ್ಲೇ ಮುಂದೆ ಹೋಗುವುದಿಲ್ಲ. ಸ್ನಾಯುವಿನ ಬಲ ಬರೆಯಲು ಕಾಲಂ ಇಲ್ಲ, ರಿಮಾರ್ಕ್ಸ್‌ನಲ್ಲಿ ತುರುಕಬೇಕು. ಇದು ನಿಜ. ಆದರೆ ಹೆಬ್ಬೆರಳು ಎತ್ತಿಸಿ ನೋಡಲು ಸಾಫ್ಟ್‌ವೇರ್ ಬೇಕಿರಲಿಲ್ಲ, ಹತ್ತು ಸೆಕೆಂಡು ಸಾಕಿತ್ತು. "ಗೊತ್ತಿಲ್ಲ ಸರ್" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ಸರಿ, ಕಳಿಸಿ."

ಎರಡನೇ ದಿನ ಮೈಕ್ರೋಡಿಸ್ಕೆಕ್ಟಮಿ, ಅಂದರೆ ನರ ಒತ್ತುವ ಡಿಸ್ಕಿನ ಚೂರು ತೆಗೆಯುವ ಆಪರೇಷನ್ ಆಯಿತು. ಪಾದಕ್ಕೆ ಸ್ಪ್ಲಿಂಟ್ ಹಾಕಿಕೊಂಡು ಮತ್ತೆ ನನ್ನ ಹತ್ತಿರವೇ ಬಂದರು. ಬೇರೆಯವರ ಹತ್ತಿರ ಹೋಗಬಹುದಿತ್ತು. ಮೂರು ತಿಂಗಳಿಗೆ ಪಾದ 3 ಆಯಿತು. ನಡೆದದ್ದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ, ನಾನು ನೋಡದೇ ಹೋದದ್ದನ್ನೂ. "ನಾನೂ ಹೇಳಲಿಲ್ಲ, ನೋವು ಹೋಯ್ತಲ್ಲ ಅಂತ" ಅಂದರು. ಹೇಳಿದ್ದರು. ಅದನ್ನೂ ಹೇಳಿದೆ. ಮ್ಯಾನೇಜ್‌ಮೆಂಟಿಗೂ ಬರೆದು ಕೊಟ್ಟೆ. ಬಂದ ಉತ್ತರ, ವಿಡಿಯೋದ ಮೊದಲ 30 ಸೆಕೆಂಡು ಬಳಸಿಕೊಳ್ಳಬಹುದೇ ಅಂತ. ಸಾಫ್ಟ್‌ವೇರಿಗೆ ಕಾಲಂ ಇನ್ನೂ ಬಂದಿಲ್ಲ, ವೆಂಡರ್ ಹತ್ತಿರ ರಿಕ್ವೆಸ್ಟ್ ಇದೆಯಂತೆ. ಅಲ್ಲಿಯವರೆಗೆ ಬೆಡ್ಡಿನ ಕಾಲ ಬುಡದಲ್ಲಿ ಒಂದು 200 ಪುಟದ ನೋಟ್‌ಬುಕ್ಕು ದಾರ ಕಟ್ಟಿ ನೇತುಹಾಕಿದ್ದೇನೆ. ಹೆಬ್ಬೆರಳು, ಪಾದ, ಹಿಮ್ಮಡಿ ನಡಿಗೆ, ತುದಿಗಾಲು ನಡಿಗೆ, ಆಮೇಲೆ ನೋವಿನ ಸಂಖ್ಯೆ. ಆಯಾ ಕೇಳಿದ ಎರಡು ಪ್ರಶ್ನೆಯನ್ನು ಅವರ ಮಾತಿನಲ್ಲೇ ಮೊದಲ ಪುಟದಲ್ಲಿ ಬರೆದಿದ್ದೇನೆ. ಹೊಸ ಇಂಟರ್ನ್‌ಗಳು ಓದಿ ನಗುತ್ತಾರೆ. ನಗಲಿ, ಕೇಳಿದರೆ ಸಾಕು.

ಈ ಸಲ ಸುಲಿತಕ್ಕೆ ಮೊದಲು ಅಕ್ಕ ಬಂದಿದ್ದರು, ಹಿಂದೆ ಬೆಲ್ಟ್ ಇರುವ ಚಪ್ಪಲಿ ಹಾಕಿಕೊಂಡು. ಬೆಡ್ಡಿನ ಮೇಲೆ ಕೂತವರೇ, ನಾನು ಕೇಳುವ ಮೊದಲೇ ಎಡಗಾಲು ಚಾಚಿ ಹೆಬ್ಬೆರಳು ಎತ್ತಿದರು. ಬೆರಳಿಟ್ಟು ಒತ್ತಿ ನೋಡಿದೆ.

"ಎಷ್ಟು ಮಾರ್ಕು?"

"ನಾಲ್ಕು."

"ಎಷ್ಟಕ್ಕೆ?"

"ಐದಕ್ಕೆ."

"ಇದ್ರಲ್ಲಿ ಜಾಸ್ತಿ ಬಂದ್ರೆ ಒಳ್ಳೇದಾ, ಕಡಿಮೆ ಬಂದ್ರೆ ಒಳ್ಳೇದಾ, ಮೊದಲೇ ಹೇಳಿ ಡಾಕ್ಟ್ರೇ" ಅಂದರು.